ಶಾಲೆಯ ಆಯ್ಕೆ ಮನೆಯ ವಿಚಾರವಷ್ಟೆಯೇ?

ಕೊಕಟನೂರಿನಂಥ ಗಡಿಗ್ರಾಮದ ಶ್ರಾವಕರಿಗೆ ಮಕ್ಕಳ ವಿದ್ಯಾಭ್ಯಾಸಕ್ಕೆ ಮೂರು ದಾರಿಗಳು ಕಾಣುತ್ತವೆ: ಊರಿನ ಸರಕಾರಿ ಕನ್ನಡ ಶಾಲೆ, ಅಥಣಿಯಂಥ ಪಟ್ಟಣದ ಇಂಗ್ಲಿಷ್ ಮಾಧ್ಯಮ, ಕುಂಭೋಜ ಬಾಹುಬಲಿಯ ಗುರುಕುಲ. ಮಾತೃಭಾಷೆಯಲ್ಲಿ ತಿಳಿವು ಬೇರೂರುತ್ತದೆ. ಇಂಗ್ಲಿಷು ಉದ್ಯೋಗಕ್ಕೆ ನೆರವಾಗುತ್ತದೆ. ಸಮಂತಭದ್ರರು 1934ರಲ್ಲಿ ಸ್ಥಾಪಿಸಿದ ಗುರುಕುಲದಲ್ಲಿ ಲೌಕಿಕ ವಿದ್ಯೆಯೊಡನೆ ಧರ್ಮಸಂಸ್ಕಾರವೂ ದೊರೆಯುತ್ತದೆ. ಒಂದೊಂದೂ ಒಂದೊಂದು ನಯ. ಇದೊಂದೇ ಸರಿ ಎಂಬ ಹಟ ಏಕಾಂತವಾದೀತು.

ಮಾಧ್ಯಮದ ಆಯ್ಕೆ ಪಾಲಕರದೆಂದು ಸರ್ವೋಚ್ಚ ನ್ಯಾಯಾಲಯ 2014ರಲ್ಲಿ ತೀರ್ಪಿತ್ತಿದೆ. ಹಕ್ಕು ನಮ್ಮದು ನಿಜ, ಕರ್ತವ್ಯವೇನು? ಅನುಕೂಲಸ್ಥರ ಮಕ್ಕಳು ಊರ ಶಾಲೆಯನ್ನು ಬಿಟ್ಟಾಗ, ಅದರ ಕುಂದುಕೊರತೆ ಕೇಳುವ ದನಿಯೂ ದೂರವಾಗುತ್ತದೆ. ಉಳಿಯುವವರು ಕೂಲಿಕಾರರ ಮಕ್ಕಳು. ಶಾಸ್ತ್ರದಾನವನ್ನು ಚತುರ್ವಿಧ ದಾನಗಳಲ್ಲಿ ಎಣಿಸುವ ನಾವು ಇದಕ್ಕೆ ಕುರುಡಾಗಲಾಗದು.

ಅದೇ ಕುಂಭೋಜದಲ್ಲಿ 1887ರಲ್ಲಿ ಜೈನ ಮನೆತನದಲ್ಲಿ ಜನಿಸಿದ ಕರ್ಮವೀರ ಭಾವುರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಬಾಲಕರಿಗೂ ಒಂದೇ ವಸತಿಗೃಹವನ್ನು ತೆರೆದರು. ಅವರ ದೃಷ್ಟಿ ಸ್ವಂತ ಸಮಾಜದ ಎಲ್ಲೆಯಲ್ಲಿ ನಿಲ್ಲಲಿಲ್ಲ.

ನಮ್ಮ ಮಗು ಯಾವ ಶಾಲೆಗಾದರೂ ಹೋಗಲಿ. ಊರ ಶಾಲೆಯ ಪುಸ್ತಕ, ಸಂಜೆಯ ಪಾಠ, ಕೊಠಡಿಯ ದುರಸ್ತಿಗಳಲ್ಲಿ ಪ್ರತಿ ಕುಟುಂಬವೂ ಬಸದಿಯ ಟ್ರಸ್ಟೂ ವರ್ಷಕ್ಕೊಂದು ಪಾಲನ್ನು ಹೊರಬೇಕು.