ಹಾಡು ಒಳಗೆ, ಗುದ್ದು ಹೊರಗೆ

ಗಾಜು ಏರಿಸಿದ ಕಾರಿನೊಳಗೆ ಕುಳಿತು ನಮಗೆ ಬೇಕಾದ ಹಾಡನ್ನು ಬೇಕಾದಷ್ಟು ಜೋರಾಗಿ ಕೇಳುವುದು ನಮ್ಮೊಬ್ಬರದೇ ವಿಷಯವೇ? ಪ್ರಶ್ನೆ ಸಣ್ಣದು. ಉತ್ತರ ಹುಡುಕಲು ಹೊರಟರೆ ಮಾತ್ರ ವಿದ್ಯುತ್ತು, ಧ್ವನಿವಿಜ್ಞಾನ, ಕಾನೂನು, ನೆರೆಹೊರೆ ಎಲ್ಲವೂ ಒಂದರ ಹಿಂದೆ ಒಂದು ಬಂದು ಸೇರಿಕೊಳ್ಳುತ್ತವೆ. ನನ್ನ ಮುಂದೆ ಇದನ್ನು ತಂದಿಟ್ಟವನು ತಂಗಿಯ ಮಗ.

ಬಾರ್ಕೂರಿನಲ್ಲಿ ಸೋದರಮಾವನಿಗೂ ಅಳಿಯನಿಗೂ ಇರುವ ಸಲಿಗೆಗೆ ಹಳೆಯ ಬೇರಿದೆ. ಭೂತಾಳ ಪಾಂಡ್ಯ ಅಳಿಯಸಂತಾನ ಕಟ್ಟನ್ನು ಜಾರಿಗೆ ತಂದದ್ದು ಇಲ್ಲಿಯೇ ಎಂಬುದು ನಮ್ಮ ಕಡೆಯ ಐತಿಹ್ಯ. ನಾನು ಬಹಳ ವರ್ಷ ರೇಡಿಯೊ, ಆಂಪ್ಲಿಫಯರ್ ರಿಪೇರಿ ಮಾಡಿಕೊಂಡಿದ್ದವನಾದ್ದರಿಂದ, ಅಳಿಯ ತನ್ನ ಹಳೆಯ ಕಾರಿಗೆ ಸ್ಪೀಕರ್ ಹಾಕಿಸುವ ಮೊದಲು ಪಟ್ಟಿ ಹಿಡಿದು ನನ್ನಲ್ಲಿಗೆ ಬಂದ. ಪಟ್ಟಿಯ ತಲೆಯಲ್ಲಿ 12 ಇಂಚಿನ ಸಬ್‌ವೂಫರ್. ಅದರ ಡಬ್ಬಿಯ ಮೇಲೆ 1000 ವ್ಯಾಟ್ ಎಂದು ದಪ್ಪಕ್ಷರ. ನಮ್ಮ ಕೇರಿಯ ಅಗಲ ನೆನಪಿಸಿದೆ. ಅವನು ಹೇಳಿದ: "ಮಾವ, ಕಾರ್ ನಂದ್, ದುಡ್ಡ್ ನಂದ್. ಗ್ಲಾಸ್ ಹಾಯ್ಕಂಡ್ ಕೇಂತೆ. ಬೇರೆಯವ್ರಿಗೆ ಎಂತ?"

ಈ ಮಾತನ್ನು ಹುಡುಗುಬುದ್ಧಿ ಎಂದು ತಳ್ಳಿಹಾಕುವಂತಿಲ್ಲ. ತನ್ನ ದುಡಿಮೆಯಿಂದ, ಯಾರ ಹಂಗೂ ಇಲ್ಲದೆ, ತನ್ನ ಸಂತೋಷವನ್ನು ತಾನು ಅನುಭವಿಸುವ ಹಕ್ಕನ್ನು ಅವನು ಕೇಳುತ್ತಿದ್ದಾನೆ. ಜತೆಗೆ ಸಭ್ಯತೆಯೂ ಇದೆ: ಗಾಜು ಏರಿಸುತ್ತೇನೆ ಎನ್ನುತ್ತಾನೆ. ಹಾಗಾದರೆ ಗಾಜು ನಿಜವಾಗಿ ಏನನ್ನು ತಡೆಯುತ್ತದೆ ಎಂಬುದನ್ನೇ ನೋಡಬೇಕು.

ಮೊದಲು ಡಬ್ಬಿಯ ಮೇಲಿನ ಅಂಕಿ. ಓಡುತ್ತಿರುವ ಕಾರಿನ ವಿದ್ಯುತ್ ಸುಮಾರು 14.4 ವೋಲ್ಟ್. ಡ್ಯಾಶ್‌ಬೋರ್ಡಿನಲ್ಲಿರುವ ಸಾಮಾನ್ಯ ಸ್ಟೀರಿಯೊ ಈ ವೋಲ್ಟೇಜನ್ನು ಏರಿಸುವುದಿಲ್ಲ. 4 ಓಮ್ ಸ್ಪೀಕರಿಗೆ ಅದು ನಷ್ಟವೇ ಇಲ್ಲದೆ ಪೂರ್ತಿ ಕೊಟ್ಟರೂ ಸಿಗುವುದು 26 ವ್ಯಾಟ್ ಮಾತ್ರ. ಮುಖದ ಮೇಲೆ '50 ವ್ಯಾಟ್ × 4' ಎಂದು ಬರೆದಿದ್ದರೆ ಅದು ಕ್ಷಣಮಾತ್ರದ ಗರಿಷ್ಠದ ಲೆಕ್ಕ. ನೋಡಬೇಕಾದದ್ದು ಆರ್‌ಎಂಎಸ್ ಎಂಬ ಅಂಕಿ, ಅಂದರೆ ನಿರಂತರವಾಗಿ ಕೊಡಬಲ್ಲ ಶಕ್ತಿ. ಇನ್ನೊಂದು ಸಂಗತಿ: ಶಕ್ತಿ ಇಮ್ಮಡಿಯಾದರೆ ಧ್ವನಿ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ 'ಎರಡು ಪಟ್ಟು ಜೋರು' ಅನ್ನಿಸಬೇಕಾದರೆ ಸುಮಾರು ಹತ್ತು ಪಟ್ಟು ಶಕ್ತಿ ಬೇಕು. ಅದಲ್ಲದೆ ಕಾರಿನ ಒಳಗು ಒಂದು ಪುಟ್ಟ ಪೆಟ್ಟಿಗೆ. ತಗ್ಗಿನ ಸ್ವರಗಳನ್ನು ಅದೇ ಹಿಗ್ಗಿಸಿ ಕೊಡುತ್ತದೆ. ಮನೆಯ ಹಾಲಿಗೆ ಬೇಕಾದ ಸಬ್‌ವೂಫರ್ ಇಲ್ಲಿ ಬೇಕಾಗುವುದಿಲ್ಲ. ಮುಂದಿನ ಬಾಗಿಲಿಗೆ ಒಳ್ಳೆಯ ಆರೂವರೆ ಇಂಚಿನ ಜೋಡಿ, ಬಾಗಿಲಿನ ತಗಡು ನಡುಗದಂತೆ ಒಳಗೆ ಡ್ಯಾಂಪಿಂಗ್ ಹಾಳೆ, ನಾಲ್ಕು ಚಾನೆಲ್‌ನ ಆಂಪ್ಲಿಫಯರ್, ಮುಚ್ಚಿದ ಪೆಟ್ಟಿಗೆಯಲ್ಲಿ 8 ಅಥವಾ 10 ಇಂಚಿನ ಸಬ್‌ವೂಫರ್, ಬ್ಯಾಟರಿಯ ಪಕ್ಕದಲ್ಲೇ ತಪ್ಪದೆ ಒಂದು ಫ್ಯೂಸ್. ಚೆನ್ನಾಗಿ ಕೇಳುವುದಕ್ಕೆ ಇಷ್ಟು ಸಾಕು.

ಇನ್ನು ಕ್ರಾಸ್‌ಓವರ್. ಹಾಡನ್ನು ಪಾಲು ಮಾಡಿ ಹಂಚುವ ಕೆಲಸ ಅದರದು. ಒಂದಿಂಚಿನ ಟ್ವೀಟರಿಗೆ ಮೃದಂಗದ ಎಡ ಬದಿಯನ್ನು ನುಡಿಸಲು ಕೊಟ್ಟರೆ ಅದು ಸುಟ್ಟುಹೋಗುತ್ತದೆ. ಸಬ್‌ವೂಫರಿಗೆ ತಾಳದ ಝಣತ್ಕಾರ ಕೊಟ್ಟರೆ ಬರುವುದು ಗೊಗ್ಗರು. ಆದ್ದರಿಂದ ಕೆಪಾಸಿಟರ್ ತಗ್ಗನ್ನು ತಡೆಯುತ್ತದೆ, ಸುರುಳಿ ಏರನ್ನು ತಡೆಯುತ್ತದೆ, ಯಾರಿಗೆ ಎಷ್ಟು ಹೊರಲು ಸಾಧ್ಯವೋ ಅಷ್ಟು ಸಿಗುತ್ತದೆ. ನನಗೆ ಇದರಲ್ಲಿ ಯಾವತ್ತೂ ಇಷ್ಟವಾಗುವುದು ಗಡಿಯ ರೀತಿ. 80 ಹರ್ಟ್ಸ್‌ನಲ್ಲಿ ಕತ್ತರಿಸಿದೆ ಎಂದರೆ ಅಲ್ಲೊಂದು ಗೋಡೆ ಕಟ್ಟಿದಂತಲ್ಲ, ಇಳಿಜಾರು ಮಾಡಿದಂತೆ. ಆಕ್ಟೇವಿಗೆ 24 ಡೆಸಿಬೆಲ್ ಇಳಿಯುವ ಲಿಂಕ್‌ವಿಟ್ಜ್-ರೈಲಿ ಎಂಬ ಬಗೆಯಲ್ಲಿ, ಸರಿಯಾಗಿ ಗಡಿಯ ಮೇಲೆ ಎರಡೂ ಸ್ಪೀಕರುಗಳು ತಲಾ 6 ಡೆಸಿಬೆಲ್ ತಗ್ಗಿರುತ್ತವೆ. ಎರಡೂ ಅರ್ಧರ್ಧ ಬಿಟ್ಟುಕೊಟ್ಟು, ಕೂಡಿದಾಗ ಸ್ವರ ಪೂರ್ತಿ ಆಗುತ್ತದೆ.

ಕಾರಿನ ಒಳಗೇ ಇರುವ ಇನ್ನೊಂದು ಗಡಿ ಇಷ್ಟು ಸಲೀಸಲ್ಲ. ನಮ್ಮಲ್ಲಿ ಚಾಲಕ ಬಲಗಡೆ ಕೂರುವುದರಿಂದ ಬಲ ಬಾಗಿಲಿನ ಸ್ಪೀಕರ್ ಅವನಿಗೆ ಹತ್ತಿರ, ಎಡದ್ದು ದೂರ. ಸುಮಾರು 70 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಎಡಗಡೆಯ ಧ್ವನಿ 2 ಮಿಲಿಸೆಕೆಂಡ್ ತಡವಾಗಿ ಬರುತ್ತದೆ. ಹಾಡುವವರು ಬಲ ಬಾಗಿಲಿಗೆ ಅಂಟಿಕೊಂಡಂತೆ ಕೇಳುತ್ತದೆ. ಡಿಎಸ್‌ಪಿ ಇರುವ ಸೆಟ್ಟುಗಳಲ್ಲಿ ಬಲಗಡೆಯದನ್ನು ಅಷ್ಟೇ ತಡಮಾಡಿದರೆ ಗಾಯಕ ಗಾಜಿನ ನಡುವೆ ಬಂದು ನಿಲ್ಲುತ್ತಾನೆ, ಚಾಲಕನಿಗೆ. ಎಡಗಡೆ ಕುಳಿತವರಿಗೆ ಮೊದಲಿಗಿಂತ ಕೆಟ್ಟು ಹೋಗುತ್ತದೆ. ಇಬ್ಬರಿಗೂ ಒಟ್ಟಿಗೆ ಪೂರ್ತಿ ಸರಿಮಾಡುವ ಉಪಾಯ ಇಲ್ಲ. ಯಾರ ಕೈಯಲ್ಲಿ ತಿರುಗಣೆ ಇದೆಯೋ ಅವರ ಕುರ್ಚಿ ಜಗತ್ತಿನ ನಡುವೆ ಬರುತ್ತದೆ. ಆದರೂ ಕಾರಿನೊಳಗಿನವರಿಗೆ ಒಂದು ಅನುಕೂಲ ಇದೆ: ಅವರು ಹಾಡು ಕೇಳುತ್ತಿದ್ದಾರೆ, 'ಸ್ವಲ್ಪ ಕಮ್ಮಿ ಮಾಡು ಮಾರಾಯ' ಎಂದು ಹೇಳಲೂಬಹುದು.

ಕಾರಿನ ಹೊರಗಿದ್ದವರಿಗೆ ಎರಡೂ ಇಲ್ಲ. 3000 ಹರ್ಟ್ಸ್‌ನ ಅಲೆಯ ಉದ್ದ ಸುಮಾರು 11 ಸೆಂಟಿಮೀಟರ್, ಅಂದರೆ ಒಂದು ಗೇಣಿಗೂ ಕಮ್ಮಿ. 40 ಹರ್ಟ್ಸ್‌ನ ಅಲೆ ಎಂಟೂವರೆ ಮೀಟರ್, ಹೆಚ್ಚುಕಡಿಮೆ ಐದು ಮಾರು. ಗಾಜು, ತಗಡುಗಳು ಶಬ್ದವನ್ನು ತಡೆಯುವ ಶಕ್ತಿ ಆವರ್ತನ ಅರ್ಧವಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಕುಗ್ಗುತ್ತದೆ. ಹಾಗಾಗಿ ಸಾಹಿತ್ಯ, ರಾಗ, ಕೊಳಲು, ಗಾಯಕಿಯ ಉಸಿರು ಎಲ್ಲವೂ ಗಾಜಿನೊಳಗೇ ನಿಲ್ಲುತ್ತವೆ. ಹೊರಗೆ ದಾಟಿಕೊಂಡು ಹೋಗುವುದು ಗುದ್ದು ಮಾತ್ರ. ಅಳಿಯ ಗಾಜು ಏರಿಸುವುದೆಂದರೆ, ಕೊಡಬಹುದಾದ ಹಾಡನ್ನು ಒಳಗಿಟ್ಟುಕೊಂಡು ಯಾರಿಗೂ ಬೇಡದ ಗುದ್ದನ್ನು ಮಾತ್ರ ಕೇರಿಗೆ ಕಳಿಸಿದಂತೆ. ನಮ್ಮ ಸಂತೋಷದಲ್ಲಿ ಬೇರೆಯವರಿಗೆ ತಲುಪುವ ಪಾಲು ಸಂತೋಷದ್ದಲ್ಲ.

ಎದುರುಮನೆಯ ಅಜ್ಜಿಗೆ ಎಂಬತ್ತು ದಾಟಿದೆ. ಕಿವಿ ಪೂರ್ತಿ ಮಂದ. ಎದುರು ನಿಂತು ಕೂಗಿದರೂ ತುಟಿ ನೋಡಿಯೇ ತಿಳಿಯಬೇಕು. ಮಂಚ ಇರುವುದು ರಸ್ತೆಯ ಕಡೆಯ ಕೋಣೆಯಲ್ಲಿ. ರಾತ್ರಿ ಅಂಥ ಕಾರೊಂದು ಕೇರಿಗೆ ಬಂದರೆ ಎದ್ದು ಕೂತು, "ಬಾಗ್ಲ್ ಬಡದ್ದ್ ಯಾರ್?" ಎಂದು ಸೊಸೆಯನ್ನು ಕೇಳುತ್ತಾರೆ. ಮಂಚಕ್ಕೆ, ಎದೆಗೆ ತಾಗುವ ಗುದ್ದು ಅವರಿಗೆ ಯಾರೋ ಬಂದ ಸುದ್ದಿ. ಮಗ ಮುಂಬಯಿಯಲ್ಲಿದ್ದಾನೆ, ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿದರೆ ಅವರ ಮನಸ್ಸು ಎಲ್ಲಿಗೆ ಹೋಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ. ಹಾಡನ್ನು ಒಂದಕ್ಷರವೂ ಕೇಳಲಾರದ ಒಬ್ಬರನ್ನು ಆ ಹಾಡು ಎಬ್ಬಿಸುತ್ತದೆ.

ಇಷ್ಟು ಹೇಳಿದಾಗ ಅಳಿಯ ಸುಮ್ಮನಾಗಲಿಲ್ಲ. "ಆಟ ಆಪತಿಗೆ ಇಡೀ ರಾತ್ರಿ ಚಂಡೆ ಕೇಂತಿಲ್ಯಾ ಮಾವ? ಅದಕ್ಕೆ ಯಾರೂ ಎಂತದೂ ಹೇಳ್ತಿಲ್ಲೆ ಅಲ್ದಾ?" ಎಂದ. ಇದು ಗಟ್ಟಿ ಪ್ರಶ್ನೆ. ಬಡಗುತಿಟ್ಟಿನ ಸೀಮೆಯಲ್ಲಿ ಹುಟ್ಟಿ ಬೆಳೆದವರಿಗೆ, ಗದ್ದೆಬಯಲಿನ ಆಚೆಯಿಂದ ತೇಲಿಬರುವ ಚಂಡೆ ಕಿರಿಕಿರಿ ಅಲ್ಲ. ನಿದ್ದೆ ಕೆಟ್ಟರೂ ಮಗ್ಗುಲು ಬದಲಿಸಿ 'ಯಾವ ಪ್ರಸಂಗವೋ' ಎಂದುಕೊಳ್ಳುತ್ತೇವೆ. ನಮಗೆ ಇಷ್ಟವಾದದ್ದು ಸಂಸ್ಕೃತಿ, ಹುಡುಗರಿಗೆ ಇಷ್ಟವಾದದ್ದು ಗಲಾಟೆ ಎಂದರೆ ಅದು ವಯಸ್ಸಿನ ದೌಲತ್ತು ಅಷ್ಟೇ; ನ್ಯಾಯವಲ್ಲ.

ನನಗೆ ಕಾಣುವ ವ್ಯತ್ಯಾಸ ಇಷ್ಟಾನಿಷ್ಟದ್ದಲ್ಲ. ಮಂದಾರ್ತಿ ಮೇಳದ ಹರಕೆಯಾಟ ಒಂದು ಮನೆಯವರು ಹರಕೆ ಹೊತ್ತು ಆಡಿಸುವಂಥದ್ದು. ಆದರೆ ಬಯಲಾಟಕ್ಕೆ ಬಾಗಿಲಿಲ್ಲ, ಟಿಕೆಟ್ ಇಲ್ಲ. ದೂರಕ್ಕೆ ಕೇಳುವ ಚಂಡೆ 'ಇಲ್ಲಿ ಆಟ ಇದೆ, ಬನ್ನಿ' ಎನ್ನುತ್ತದೆ. ನಿದ್ದೆ ಬಾರದವನು ಎದ್ದು ಹೋಗಿ ಚಾಪೆಯ ತುದಿಯಲ್ಲಿ ಕೂರಬಹುದು. ಅವನಿಗೂ ಭಾಗವತರ ಪದ್ಯ ಪೂರ್ತಿ ಸಿಗುತ್ತದೆ. ಕಾರಿನ ಗುದ್ದು ಯಾರನ್ನೂ ಕರೆಯುವುದಿಲ್ಲ. ಗಾಜು ಏರಿದೆ, ಬಾಗಿಲು ಲಾಕ್ ಆಗಿದೆ. ಅದು ದೂರದವರಿಗೆ ಹೇಳುವುದು 'ನೀವು ಇದರ ಒಳಗಿಲ್ಲ' ಎಂದು. ಹಾಗೆಂದು ಚಂಡೆಗೆ ಪೂರ್ತಿ ಮಾಫಿ ಇಲ್ಲ. ಜ್ವರದಲ್ಲಿ ಮಲಗಿದ ಮಗುವಿಗೆ ಬಾ ಎಂದು ಕರೆದರೂ ಬರಲಾಗದು. ಧ್ವನಿವರ್ಧಕ ಬಂದ ಮೇಲೆ ಕರೆ ಎಲ್ಲಿ ಮುಗಿಯುತ್ತದೆ, ಹೇರಿಕೆ ಎಲ್ಲಿ ಶುರುವಾಗುತ್ತದೆ ಎಂಬುದೂ ಮಸುಕಾಗಿದೆ. ಶಬ್ದದ ನಿಯಮದ ಕಾರಣಕ್ಕೆ ಕರಾವಳಿಯಲ್ಲಿ ಕಾಲಮಿತಿಯ ಆಟಗಳ ಚರ್ಚೆ ಎದ್ದದ್ದೂ ಈ ಮಸುಕಿನಿಂದಲೇ.

ನಿಯಮದ ಮಾತು ಬಂತು. ಕೇಂದ್ರ ಸರ್ಕಾರ 2000ನೇ ಇಸವಿಯಲ್ಲಿ ತಂದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ. ಆದರೆ ಆ ಡೆಸಿಬೆಲ್‌ನ ಬೆನ್ನಿಗೆ ಕಂಸದಲ್ಲಿ 'ಎ' ಎಂಬ ಅಕ್ಷರ ಇದೆ. ಮೀಟರ್ ಎಲ್ಲ ಸ್ವರಗಳನ್ನೂ ಸಮನಾಗಿ ಎಣಿಸುವುದಿಲ್ಲ ಎಂದು ಅದರ ಅರ್ಥ. ಮೆಲ್ಲಗಿನ ಶಬ್ದದಲ್ಲಿ ನಮ್ಮ ಕಿವಿಗೆ ತಗ್ಗಿನ ಸ್ವರ ಕಮ್ಮಿ ಕೇಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು 1933ರಲ್ಲಿ ಅಳೆದು ತೋರಿಸಿದರು. ಆ ಬಗೆಯ ಅಳತೆಯ ಮೇಲೆ ಈ 'ಎ' ತೂಕ ನಿಂತಿದೆ. ಅದರಲ್ಲಿ 40 ಹರ್ಟ್ಸ್‌ನ ಗುದ್ದಿಗೆ ಸುಮಾರು 35 ಡೆಸಿಬೆಲ್ ರಿಯಾಯಿತಿ. ಅಂದರೆ ಅಜ್ಜಿಯ ಕೋಣೆಯ ಗುದ್ದು ನಿಜಕ್ಕೂ 75 ಡೆಸಿಬೆಲ್ ಇದ್ದರೂ ಮೀಟರ್ ತೋರಿಸುವುದು 40. ಕಾನೂನು ಪಾಸು, ಕಿಟಕಿ ಗಡಗಡ. ಕಾನೂನಿನ ಕಿವಿ ಬೇಸ್‌ಗೆ ಮಂದ. ಅಜ್ಜಿಯ ಎದೆ ಮಂದವಲ್ಲ. 'ನಿಯಮ ಮೀರಿಲ್ಲವಲ್ಲ' ಎನ್ನುವುದು ಹಾಗಾಗಿ ಇಲ್ಲಿ ಉತ್ತರ ಆಗುವುದಿಲ್ಲ. ಮೀಟರ್ ಎಣಿಸದೆ ಬಿಟ್ಟದ್ದನ್ನು ಎಣಿಸಬೇಕಾದವರು ನಾವೇ.

ಎಣಿಸುವುದು ಹೇಗೆ? ಕಾರಿನ ಸೌಂಡ್ ಹೊಂದಿಸುವವರೆಲ್ಲ ಚಾಲಕನ ಸೀಟಿನಲ್ಲಿ ಕುಳಿತು ಹೊಂದಿಸುತ್ತಾರೆ. ಗೇನ್ ತಿರುಗಣೆಯನ್ನು ವಾಲ್ಯೂಮ್ ಎಂದು ತಿಳಿದು ಕೊನೆಗೆ ತಿರುಗಿಸಬಾರದು, ಅದು ಸ್ಟೀರಿಯೊದ ವೋಲ್ಟೇಜಿಗೆ ಆಂಪ್ಲಿಫಯರನ್ನು ಹೊಂದಿಸುವುದಕ್ಕೆ. ಮೀರಿದರೆ ಅಲೆಯ ತಲೆ ಕತ್ತರಿಸಿಹೋಗಿ ಟ್ವೀಟರ್ ಸುಡುತ್ತದೆ ಎಂದೆಲ್ಲ ಹೇಳಿಕೊಡುತ್ತಾರೆ. ಎಲ್ಲ ಸರಿ. ನಾನು ಅಳಿಯನಿಗೆ ಅದರ ಮೇಲೆ ಒಂದು ಕೆಲಸ ಸೇರಿಸಿದೆ: ಹಾಡು ಹಾಕಿಟ್ಟು, ಗಾಜು ಏರಿಸಿ, ಕಾರಿನಿಂದ ಇಳಿದು ಎದುರುಮನೆಯ ಕೆಂಪುಕಲ್ಲಿನ ಪಾಗಾರಕ್ಕೆ ಅಂಗೈ ಇಟ್ಟು ಐದು ನಿಮಿಷ ನಿಲ್ಲು. ಅವನು ನಿಂತ. ಅವನ ಪ್ರೀತಿಯ ಹಾಡು ಅದು, ಆದರೆ ಹೊರಗಿನಿಂದ ಯಾವ ಹಾಡೆಂದು ಅವನಿಗೇ ಗೊತ್ತಾಗುವಂತಿರಲಿಲ್ಲ. ಮತ್ತೆ ಒಳಗೆ ಹೋಗಿ ಸಬ್‌ವೂಫರನ್ನು ತಗ್ಗಿಸಿದ, ಹೊರಬಂದ, ಪುನಃ ಹೋದ. ಡಬ್ಬಿಯ 1000 ವ್ಯಾಟ್ ಬೇಡವಾಯಿತು. 10 ಇಂಚಿನದು ಹಾಕಿ, ಬೇಸ್‌ನ ಮಟ್ಟ ಏರಿಸಿ ಇಳಿಸುವ ಪ್ರತ್ಯೇಕ ತಿರುಗಣೆಯನ್ನು ಸ್ಟೀರಿಂಗ್ ಪಕ್ಕ ಕೂರಿಸಿದೆವು. ಕೇರಿಯ ತಿರುವು ಬಂದಾಗ ಅದನ್ನು ಇಳಿಸುತ್ತಾನೆ. ಹಾಡು ನಿಲ್ಲುವುದಿಲ್ಲ, ಬೇಸ್ ಮಾತ್ರ ಇಳಿಯುತ್ತದೆ. ಕ್ರಾಸ್‌ಓವರಿನ ಹಾಗೆ ಇದೂ ಇಳಿಜಾರು, ಗೋಡೆಯಲ್ಲ.

ಅವನು ನನ್ನ ವಾದವನ್ನು ಪೂರ್ತಿ ಒಪ್ಪಿದ್ದಾನೆ ಎಂದಲ್ಲ. ಬ್ರಹ್ಮಾವರ ದಾಟಿ ಹೆದ್ದಾರಿ ಹಿಡಿದರೆ ಪೂರ್ತಿ ಬಿಡುತ್ತೇನೆ, ಅಲ್ಲಿ ಯಾರಿಗೆ ತೊಂದರೆ ಎನ್ನುತ್ತಾನೆ. ಅಜ್ಜಿಯ ಮುಖ ಅವನಿಗೆ ಗೊತ್ತು. ಸಣ್ಣವನಿದ್ದಾಗ ಅವರ ಮನೆಯ ಜಗಲಿಯಲ್ಲಿ ಆಡಿದವನು. ಗೊತ್ತಿರುವವರಿಗಾಗಿ ತಿರುಗಣೆ ಇಳಿಸುವುದು ಅಷ್ಟು ಕಷ್ಟವಲ್ಲ. ಆದರೆ 66ನೇ ಹೆದ್ದಾರಿಯ ಎರಡೂ ಬದಿಯಲ್ಲಿ ಕುಂದಾಪುರದವರೆಗೆ ಮನೆಗಳಿವೆ, ರಸ್ತೆಯ ಕಡೆಗೆ ಕೋಣೆಗಳಿವೆ, ಕೋಣೆಗಳಲ್ಲಿ ಮಂಚಗಳಿವೆ. ಅಲ್ಲಿ ಮಲಗಿದವರ ಮುಖ ನಮಗೆ ಗೊತ್ತಿಲ್ಲ. ಮುಖ ಗೊತ್ತಿಲ್ಲದವರಿಗೆ ನಾವು ಎಷ್ಟು ಋಣಿಗಳು ಎಂಬ ಪ್ರಶ್ನೆಗೆ ಅಳಿಯನೂ ನಾನೂ ಇನ್ನೂ ಒಂದೇ ಉತ್ತರಕ್ಕೆ ಬಂದಿಲ್ಲ. ಕಳೆದ ವಾರ ಅವನೊಟ್ಟಿಗೆ ಕುಂದಾಪುರಕ್ಕೆ ಹೋಗುವಾಗ ಕೋಟದ ಹತ್ತಿರ, ರಸ್ತೆಗೆ ತಾಗಿದ ಒಂದು ಮನೆಯ ದೀಪ ಆರಿದ್ದು ಕಂಡು, ಏನೂ ಮಾತಾಡದೆ ಅವನು ಬೇಸ್ ಇಳಿಸಿದ. ನಾನೂ ಏನೂ ಹೇಳಲಿಲ್ಲ.