ಕಳ್ಳನಿಗೋ, ಕಳ್ಳನಿಂದಲೋ

ಮಲೆನಾಡಿನಲ್ಲಿ ದಾರಿ ಕೇಳಿದರೆ ಎಡ, ಬಲ ಎಂದು ಹೇಳುವವರು ಕಡಿಮೆ. ದರೆ ಹತ್ತಿ, ಹಳ್ಳ ದಾಟಿ, ಕಾನಿನ ಅಂಚಿಗೇ ಹೋಗಿ. ತೋಟದ ಮೇಲ್ಬದಿಗೆ ಕಾಣುವುದು ಮೇಲಿನಮನೆ, ನೀವು ಕೇಳಿದ ಮನೆ ಅದರ ಕೆಳಗಿನದು. ಉಡುಪಿಗೆ ಹೋದವನ ಸುದ್ದಿ ಕೇಳಿದರೆ ‘ಘಟ್ಟದ ಕೆಳಗೆ ಹೋಗಿದ್ದಾನೆ’ ಎಂಬ ಉತ್ತರ. ಏರು ಇಳಿವಿನ ಸೀಮೆ ಇದು. ಮೇಲೆ, ಕೆಳಗೆ, ಆಚೆ, ಈಚೆ, ಅಂಚಿಗೆ, ಒತ್ತಿಗೆ ಎನ್ನದೆ ಇಲ್ಲಿ ಒಂದು ದಿನ ಕಳೆಯುವುದು ಕಷ್ಟ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಮಕ್ಕಳಿಗೆ ಇದೆಲ್ಲ ಮಾತಿನ ಜೊತೆಗೇ ಬಂದಿರುತ್ತದೆ. ಅದೇ ಮಕ್ಕಳು ಇಂಗ್ಲಿಷ್ ಪ್ರಶ್ನೆಪತ್ರಿಕೆಯ ಬಿಟ್ಟ ಸ್ಥಳದ ಮುಂದೆ ಪೆನ್ನು ಹಿಡಿದು ಕೂತುಬಿಡುತ್ತಾರೆ. ಇನ್, ಆನ್, ಅಟ್. ದೇವರ ಮೇಲೆ ಭಾರ ಹಾಕಿ ಯಾವುದೋ ಒಂದನ್ನು ಬರೆಯುತ್ತಾರೆ. ಸರ್ಕಾರಿ ಶಾಲೆಗಳಲ್ಲಿ ಮೊದಲು ಐದನೇ ತರಗತಿಯಿಂದ ಇದ್ದ ಇಂಗ್ಲಿಷ್ 2007ರಲ್ಲಿ ಒಂದನೇ ತರಗತಿಗೇ ಬಂತು. ಬಿಟ್ಟ ಸ್ಥಳದ ಭಯ ಮಾತ್ರ ಇದ್ದಲ್ಲೇ ಇದೆ.

ಬುದ್ಧಿ ಸಾಲದೆ ಹೀಗಾಗುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಕನ್ನಡ ಒಂದು ಪ್ರತ್ಯಯದಲ್ಲಿ ಮುಗಿಸುವ ಕೆಲಸವನ್ನು ಇಂಗ್ಲಿಷ್ ಐದಾರು ಪದಗಳಿಗೆ ಹಂಚಿಕೊಟ್ಟಿದೆ. ‘ಇಂದ’ ಒಂದನ್ನೇ ನೋಡಿ. ಕೊಪ್ಪದಿಂದ ಬಂದೆ, ಕತ್ತಿಯಿಂದ ಕಡಿದೆ, ನಿನ್ನೆಯಿಂದ ಮಳೆ, ಮೂರು ದಿನದಿಂದ ಜ್ವರ, ಅವನಿಂದ ಕೆಲಸ ಕೆಟ್ಟಿತು. ಇಂಗ್ಲಿಷಿನಲ್ಲಿ ಇವು ಫ್ರಮ್, ವಿತ್, ಸಿನ್ಸ್, ಫಾರ್, ಬಿಕಾಸ್ ಆಫ್ ಆಗಿ ಒಂದೊಂದು ದಿಕ್ಕಿಗೆ ಹೋಗುತ್ತವೆ. ನಮ್ಮ ರಜಾ ಅರ್ಜಿಗಳಲ್ಲಿ ‘ಫ್ರಮ್ ಫೀವರ್’ ಸರಿಯಾಗಿದ್ದು ‘ಸಿನ್ಸ್ ತ್ರೀ ಡೇಸ್’ ತಪ್ಪಾಗುವುದು ಇದರಿಂದಲೇ. ಮೊದಲನೆಯದನ್ನು ಬಾಯಿಪಾಠ ಮಾಡಿದ್ದೇವೆ. ಎರಡನೆಯದನ್ನು ಕನ್ನಡದಲ್ಲಿ ಯೋಚಿಸಿ ಬರೆದಿದ್ದೇವೆ. ಜ್ವರ ಹಿಡಿದ ದಿನ ಸೋಮವಾರ ಎಂದು ಹೇಳುವುದಾದರೆ ಸಿನ್ಸ್. ಎಷ್ಟು ದಿನವಾಯಿತು ಎಂಬ ಲೆಕ್ಕವಾದರೆ ಫಾರ್. ಇಷ್ಟನ್ನು ಒಮ್ಮೆ ನಿಧಾನವಾಗಿ ಹೇಳಿಕೊಟ್ಟರೆ ಮಕ್ಕಳು ಮರೆಯುವುದಿಲ್ಲ.

‘ಅಲ್ಲಿ’ಯ ಕಥೆಯೂ ಹೀಗೆಯೇ. ಕೊಪ್ಪದ ಸಹಕಾರ ಸಾರಿಗೆ ಓಡುತ್ತಿದ್ದ ಕಾಲದಲ್ಲಿ ಬಸ್ಸಲ್ಲಿ ಬಂದು ಬಸ್ಸಲ್ಲೇ ಕೊಡೆ ಮರೆತವರು ಎಷ್ಟೋ ಮಂದಿ. ಇಂಗ್ಲಿಷಿನವರು ಬರುವುದು ‘ಬೈ’ ಬಸ್, ಕೊಡೆ ಮರೆಯುವುದು ‘ಆನ್’ ದ ಬಸ್, ಅದೇ ಕಾರಾದರೆ ‘ಇನ್’ ದ ಕಾರ್. ಎದ್ದು ನಿಂತು ಓಡಾಡಲು ಜಾಗವಿರುವ ವಾಹನಕ್ಕೆ ಆನ್, ಮುದುರಿ ಕೂರುವುದಕ್ಕೆ ಇನ್ ಎಂದು ಕೆಲವರು ವಿವರಿಸುತ್ತಾರೆ. ಬಹುಮಟ್ಟಿಗೆ ಒಪ್ಪುವ ಮಾತು. ಆದರೆ ಬೆಳಿಗ್ಗೆಗೆ ಇನ್, ರಾತ್ರಿಗೆ ಅಟ್ ಯಾಕೆಂದು ಕೇಳಿದರೆ ಆ ವಿವರಣೆಕಾರರೂ ಸುಮ್ಮನಾಗುತ್ತಾರೆ. ಬೆಳಗು ಒಳಹೊಕ್ಕು ಇರುವ ಜಾಗವಂತೆ, ರಾತ್ರಿ ಬರಿಯ ಒಂದು ಬಿಂದುವಂತೆ. ಕಿಗ್ಗದಲ್ಲಿ ಆಷಾಢದ ಒಂದು ರಾತ್ರಿ ಕಳೆದವರು ಅದನ್ನು ಬಿಂದು ಎನ್ನಲಾರರು.

ಮನಸ್ಸಿನ ವಿಚಾರಕ್ಕೆ ಬಂದಾಗ ಗೋಜಲು ಇನ್ನೂ ಹೆಚ್ಚು. ಕನ್ನಡದಲ್ಲಿ ಅವಳ ಮೇಲೆ ಪ್ರೀತಿ, ಅವನ ಮೇಲೆ ಸಿಟ್ಟು, ದೇವರ ಮೇಲೆ ನಂಬಿಕೆ, ಪಕ್ಕದವನ ಮೇಲೆ ಸಂಶಯ. ಒಳ್ಳೆಯದಿರಲಿ ಕೆಟ್ಟದ್ದಿರಲಿ, ನಮ್ಮ ಮನಸ್ಸಿನಲ್ಲಿರುವುದನ್ನೆಲ್ಲ ಎದುರಿನವರ ಮೇಲೆ ಹೊರಿಸುತ್ತೇವೆ. ಇಂಗ್ಲಿಷಿನಲ್ಲಿ ಪ್ರೀತಿಗೆ ಫಾರ್, ಸಿಟ್ಟಿಗೆ ವಿತ್, ನಂಬಿಕೆಗೆ ಇನ್, ಸಂಶಯಕ್ಕೆ ಆಫ್. ‘ಆಂಗ್ರಿ ಆನ್ ಹಿಮ್’ ಎಂದ ಹುಡುಗನನ್ನು ನೋಡಿ ನಗುವವರು, ಅವನು ಕನ್ನಡವನ್ನು ಎಷ್ಟು ಪ್ರಾಮಾಣಿಕವಾಗಿ ಅನುವಾದಿಸಿದ್ದಾನೆ ಎಂಬುದನ್ನು ಗಮನಿಸುವುದಿಲ್ಲ.

ಇನ್ನು ಹೆದರಿಕೆ. ನಾವು ಕಳ್ಳನಿಗೆ ಹೆದರುತ್ತೇವೆ, ನಾಯಿಗೆ ಹೆದರುತ್ತೇವೆ. ಶೃಂಗೇರಿ ಮಠದ ಪಾಠಶಾಲೆಯಲ್ಲೋ ಊರಿನ ಸಂಸ್ಕೃತ ವಿಶ್ವವಿದ್ಯಾಲಯದ ಆವರಣದಲ್ಲೋ ವ್ಯಾಕರಣ ಓದುವ ವಿದ್ಯಾರ್ಥಿ ಮನೆಯಲ್ಲಿ ಹೀಗೆಯೇ ಹೆದರಿ, ತರಗತಿಗೆ ಹೋದಮೇಲೆ ಕಳ್ಳನಿಂದ ಹೆದರಬೇಕು. ಪಾಣಿನಿ ಅಷ್ಟಾಧ್ಯಾಯಿಯ ಮೊದಲ ಅಧ್ಯಾಯದ ನಾಲ್ಕನೇ ಪಾದದಲ್ಲಿ ಭಯಕ್ಕೆ ಕಾರಣವಾದದ್ದನ್ನು ಅಪಾದಾನದ ಸಾಲಿಗೆ ಸೇರಿಸಿದ್ದಾನೆ. ಮರದಿಂದ ಎಲೆ ಬೀಳುವಾಗ ಮರಕ್ಕೆ ಯಾವ ವಿಭಕ್ತಿಯೋ ಕಳ್ಳನಿಗೂ ಅದೇ ಪಂಚಮಿ. ಸಿಟ್ಟಿಗಾದರೆ ಚತುರ್ಥಿ. ನರಸಿಂಹರಾಜಪುರದ ಕಡೆ ಕೇರಳದಿಂದ ಬಂದು ನೆಲೆಸಿದ ಮಲಯಾಳಿ ಕುಟುಂಬಗಳಿವೆ. ಆ ಮನೆಯ ಮಗು ನಾಯಿ‘ಯನ್ನು’ ಹೆದರುತ್ತದೆ. ಸಿಟ್ಟು ಮಾಡುವಾಗ ಮಾತ್ರ ಅವನೊಡನೆ ಎಂಬರ್ಥದ ಪ್ರತ್ಯಯ ಹಚ್ಚುವುದರಿಂದ ‘ಆಂಗ್ರಿ ವಿತ್’ ಅದಕ್ಕೆ ನಮಗಿಂತ ಸಲೀಸು. ಉರ್ದು ಮಾತಾಡುವ ಮನೆಯಲ್ಲಿ ಸಂಸ್ಕೃತದ ಹಾಗೆಯೇ ನಾಯಿಯಿಂದ ಹೆದರುತ್ತಾರೆ. ಇಂಗ್ಲಿಷಿನಲ್ಲಿ ‘ಅಫ್ರೇಡ್ ಆಫ್’. ಎದೆ ಡವಗುಟ್ಟುವುದು ಎಲ್ಲರದೂ ಒಂದೇ ರೀತಿ. ಇವುಗಳಲ್ಲಿ ಯಾವುದು ಸಹಜ ಎಂಬ ಪ್ರಶ್ನೆಗೆ ನಾನು ಕಂಡಮಟ್ಟಿಗೆ ಉತ್ತರವಿಲ್ಲ.

ಪಾಣಿನಿಯಿಂದ ಕಲಿಯಬೇಕಾದದ್ದು ಇಲ್ಲೊಂದಿದೆ. ಪಂಚಮಿಗೆ ಇಂತಿಷ್ಟೇ ಅರ್ಥ ಎಂದು ಅವನು ಒಂದೇ ಮಾತಿನಲ್ಲಿ ಮುಗಿಸಲಿಲ್ಲ. ಹೆದರುವ ಧಾತುಗಳಿದ್ದರೆ ಹೀಗೆ, ಸಿಟ್ಟಾಗುವ ಧಾತುಗಳಿದ್ದರೆ ಹಾಗೆ ಎಂದು ಕ್ರಿಯಾಪದದ ಜೊತೆ ಕಟ್ಟಿ ಹೇಳಿದ. ನಮ್ಮ ಗೈಡುಗಳು ಮಾಡುವುದು ಇದರ ತಿರುವುಮುರುವು. ಆನ್ ಎಂದರೆ ಮೇಲೆ, ಇನ್ ಎಂದರೆ ಒಳಗೆ ಎಂದು ಪಟ್ಟಿ ಕೊಡುತ್ತವೆ. ಪಟ್ಟಿ ನಂಬಿದ ಮಗು ಸಿಟ್ಟನ್ನು ಮೇಲೆ ಇಡದೆ ಇನ್ನೆಲ್ಲಿ ಇಡಬೇಕು? ‘ಅಫ್ರೇಡ್ ಆಫ್’, ‘ವೇಟ್ ಫಾರ್’, ‘ಮ್ಯಾರೀಡ್ ಟು’ ಇವುಗಳನ್ನು ಜೋಡಿಯಾಗಿಯೇ ಕಲಿಸಬೇಕು. ಕೆಲವು ಕಡೆ ಏನನ್ನೂ ಹಾಕದೆ ಬಿಡುವುದನ್ನೂ ಕಲಿಸಬೇಕು: ನಾವು ತೋಟದ ಬಗ್ಗೆ ಚರ್ಚಿಸುತ್ತೇವೆ, ಇಂಗ್ಲಿಷಿನ ಡಿಸ್ಕಸ್ ಎಂಬ ಕ್ರಿಯಾಪದಕ್ಕೆ ಆ ‘ಬಗ್ಗೆ’ ಬೇಡ.

ಇಂಗ್ಲಿಷಿಗೂ ಸಾವಿರ ವರ್ಷದ ಹಿಂದೆ ನಮ್ಮ ಹಾಗೆ ವಿಭಕ್ತಿಗಳಿದ್ದವು. ನಾಮಪದದ ಕೊನೆಗಳು ಸವೆದು ಹೋದಂತೆಲ್ಲ ಅವುಗಳ ಕೆಲಸ ಈ ಚಿಕ್ಕ ಪದಗಳ ತಲೆಗೆ ಬಂತು. ಹೊರೆ ಜಾಸ್ತಿಯಾದದ್ದರಿಂದಲೋ ಏನೋ, ಅವು ಇಂದಿಗೂ ಎಲ್ಲ ಕಡೆ ಒಂದೇ ರೀತಿ ನಡೆದುಕೊಳ್ಳುವುದಿಲ್ಲ. ವಾರಾಂತ್ಯಕ್ಕೆ ಬ್ರಿಟನ್ನಿನವರು ಅಟ್ ಎಂದರೆ ಅಮೆರಿಕದವರು ಆನ್ ಎನ್ನುತ್ತಾರೆ.

ಇಂಗ್ಲಿಷಿನ ಮಾತು ಬಂದಾಗ ಈ ಸೀಮೆಯಲ್ಲಿ ಕುವೆಂಪು ಅವರನ್ನು ಎಳೆದು ತರುವುದು ವಾಡಿಕೆ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಅವರು 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಇಂಗ್ಲಿಷ್ ಕವನ ಸಂಗ್ರಹ ತಂದರು. ಮುಂದೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ನಿಮ್ಮ ಭಾಷೆಯಲ್ಲೇ ಬರೆಯಿರಿ ಎಂದು ಸಲಹೆ ಕೊಟ್ಟರು. ಇದನ್ನು ಇಂಗ್ಲಿಷ್ ಕಲಿಯದಿರಲು ನೆಪ ಮಾಡಿಕೊಳ್ಳುವವರಿದ್ದಾರೆ. ಕುವೆಂಪು ಕವಿತೆ ಬರೆಯುವ ಭಾಷೆ ಬದಲಿಸಿದರು, ಇಂಗ್ಲಿಷ್ ಓದುವುದನ್ನು ಬಿಡಲಿಲ್ಲ. ಷೇಕ್ಸ್‌ಪಿಯರನ ‘ದಿ ಟೆಂಪೆಸ್ಟ್’ ಅವರ ಕೈಯಲ್ಲಿ ‘ಬಿರುಗಾಳಿ’ಯಾಯಿತು.

ನಾಯಿಗೆ ಹೆದರು, ನಾಯಿಯಲ್ಲಿ ಹೆದರಬೇಡ ಎಂದು ನಮಗೆ ಯಾವ ಮೇಷ್ಟರೂ ಹೇಳಿಕೊಟ್ಟಿರಲಿಲ್ಲ. ಕೇಳುತ್ತ ಕೇಳುತ್ತ ಬಂತು. ಇಲ್ಲಿನ ಮಗುವಿಗೆ ಇಂಗ್ಲಿಷನ್ನು ಹಾಗೆ ಕೇಳುವ ಅವಕಾಶ ಕಡಿಮೆ, ಆದ್ದರಿಂದ ಓದಿನಿಂದಲೇ ಆ ಕೊರತೆ ತುಂಬಬೇಕು. ಬಿಟ್ಟ ಸ್ಥಳಗಳ ನಾಲ್ಕು ಪುಟಕ್ಕಿಂತ ಒಂದು ಸಣ್ಣ ಕಥೆ ಮೇಲು. ತಪ್ಪು ತಿದ್ದುವ ಮೊದಲು ಮೇಷ್ಟರು ತರಗತಿಯನ್ನು ಕೇಳಬಹುದು: ಇದನ್ನು ನಿಮ್ಮನಿಮ್ಮ ಮನೆಯಲ್ಲಿ ಹೇಗೆ ಹೇಳುತ್ತೀರಿ? ನರಸಿಂಹರಾಜಪುರದ ಶಾಲೆಯಾದರೆ ಮೂರು ಉತ್ತರವಾದರೂ ಬರುತ್ತವೆ. ಅವನ್ನೆಲ್ಲ ಬೋರ್ಡಿನ ಮೇಲೆ ಬರೆದು, ಪಕ್ಕದಲ್ಲಿ ಇಂಗ್ಲಿಷಿನದನ್ನೂ ಬರೆದರಾಯಿತು.