ಆರೈಕೆಗೆ ಸಾಕ್ಷಿ: ಮುಪ್ಪು, ಧರ್ಮ ಮತ್ತು ಸರ್ಕಾರದ ಮೇಲ್ವಿಚಾರಣೆ

ಮುದಿ ತಂದೆತಾಯಿಯರನ್ನು ನೋಡಿಕೊಳ್ಳುವುದು ಮಕ್ಕಳ ಧರ್ಮ, ಅದರಲ್ಲಿ ಸರ್ಕಾರಕ್ಕೇನು ಕೆಲಸ ಎಂಬ ಮಾತು ಕರ್ನಾಟಕದ ಊರುಗಳಲ್ಲಿ ಎಷ್ಟು ಸಹಜವಾಗಿ ಕೇಳಿಬರುತ್ತದೆಯೋ, ಮಕ್ಕಳು ಕೈಬಿಟ್ಟಾಗ ಸರ್ಕಾರ ಏನು ಮಾಡುತ್ತಿತ್ತು ಎಂಬ ಮಾತೂ ಅಷ್ಟೇ ಸಹಜವಾಗಿ ಕೇಳಿಬರುತ್ತದೆ. ಒಂದೇ ಬಾಯಿಂದ ಬರುವ ಈ ಎರಡು ಮಾತುಗಳ ಹಿಂದೆ ಒಂದು ಕಠಿಣವಾದ ತಾತ್ತ್ವಿಕ ಪ್ರಶ್ನೆಯಿದೆ. ಸೇವೆ ಎಂಬುದು ಮಾಡುವವರ ಅಂತಃಕರಣದಿಂದ ಹುಟ್ಟಬೇಕೆಂಬುದು ನಿಜವಾದರೆ, ಅದರ ಮೇಲೆ ಅಧಿಕಾರಿಯೊಬ್ಬನ ಕಣ್ಣು ಬಿದ್ದ ಮೇಲೂ ಅದು ಸೇವೆಯಾಗಿ ಉಳಿಯುವುದೇ, ಇಲ್ಲವೇ ದಂಡಕ್ಕೆ ಅಂಜಿ ಮಾಡಿದ ಬಿಟ್ಟಿ ಕೆಲಸವಾಗುವುದೇ ಎಂಬುದು ಆ ಪ್ರಶ್ನೆ. ಮೇಲ್ವಿಚಾರಣೆ ಪಶ್ಚಿಮದಿಂದ ಬಂದ ಆಡಳಿತದ ಕಲ್ಪನೆ, ಸೇವೆ ಈ ನೆಲದ ಧರ್ಮದ ಕಲ್ಪನೆ ಎಂದು ವಿಂಗಡಿಸಿ ಬಿಡುವವರು ಅನೇಕರಿದ್ದಾರೆ. ಈ ವಿಂಗಡಣೆ ಇತಿಹಾಸದ ಎದುರು ನಿಲ್ಲುವುದಿಲ್ಲ.

ಬೆಳಗಾವಿ ಜಿಲ್ಲೆಯಲ್ಲಿ ಗೋಕಾಕದಿಂದ ಬೇರೆಯಾಗಿ ಹೊಸ ತಾಲ್ಲೂಕಾದ ಮೂಡಲಗಿ, ಅದರ ಮಗ್ಗುಲಿನ ಗೋಕಾಕ ಮತ್ತು ಹುಕ್ಕೇರಿ ಸೇರಿದ ಘಟಪ್ರಭಾ ನದಿಯ ಸೀಮೆಯಲ್ಲಿ ಈ ಪ್ರಶ್ನೆಯನ್ನು ಇಟ್ಟು ನೋಡುವುದಕ್ಕೆ ಕಾರಣವಿದೆ. ಮೂಡಲಗಿಯ ಶಿವಬೋಧರಂಗ ಮಠ, ಅರಭಾವಿಯ ಮತ್ತು ನಿಡಸೋಸಿಯ ದುರದುಂಡೀಶ್ವರ ಮಠಗಳು ಇರುವ ಈ ನಾಡಿನಲ್ಲಿ ದಾಸೋಹ ಗ್ರಂಥದಲ್ಲಿ ಮಾತ್ರ ಉಳಿದ ಪದವಲ್ಲ, ದಿನವೂ ಎಲೆಯ ಮೇಲೆ ಬೀಳುವ ಅನ್ನ. ಇಲ್ಲಿಯೇ ಕಬ್ಬಿನ ಹೊಲ ಅಣ್ಣತಮ್ಮಂದಿರ ನಡುವೆ ವಾಟ್ನಿಯಾದಾಗ ತಂದೆತಾಯಿಯರೂ ಪಾಳಿಗೆ ಬೀಳುತ್ತಾರೆ. ಒಂದು ತಿಂಗಳು ಹಿರಿಯ ಮಗನ ಮನೆ, ಮುಂದಿನ ತಿಂಗಳು ಕಿರಿಯವನ ಮನೆ ಎಂದು ಹಿರಿಯ ಜೀವಗಳು ಗಂಟು ಹೊತ್ತು ಸುತ್ತುತ್ತವೆ. ಎಷ್ಟೋ ಮನೆಗಳಲ್ಲಿ ಈ ಪಾಳಿ ಪ್ರೀತಿಯಿಂದಲೇ ನಡೆಯುತ್ತದೆ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. ಆದರೆ ಪಾಳಿ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವವರು ಯಾರೂ ಇಲ್ಲ ಎಂಬುದೂ ಅಷ್ಟೇ ನಿಜ.

ಕಾನೂನಿನ ನಿಲುವು ಸ್ಪಷ್ಟವಾಗಿದೆ. 2007ರ ಪಾಲಕರ ಪೋಷಣೆ ಮತ್ತು ಹಿರಿಯ ನಾಗರಿಕರ ಕಲ್ಯಾಣ ಕಾಯ್ದೆ 60 ವರ್ಷ ತುಂಬಿದವರನ್ನು ಹಿರಿಯ ನಾಗರಿಕರೆಂದು ಗುರುತಿಸಿ, ತಮ್ಮ ಗಳಿಕೆ ಮತ್ತು ಆಸ್ತಿಯಿಂದ ಬದುಕಲಾರದವರಿಗೆ ಮಕ್ಕಳಿಂದ ಜೀವನಾಂಶ ಕೇಳುವ ಹಕ್ಕನ್ನು ಕೊಟ್ಟಿದೆ. ಈ ಅರ್ಜಿಗಳನ್ನು ವಿಚಾರಿಸುವ ನ್ಯಾಯಮಂಡಳಿಗೆ ಕರ್ನಾಟಕದಲ್ಲಿ ಉಪವಿಭಾಗಾಧಿಕಾರಿಯೇ ಅಧ್ಯಕ್ಷ. ಜೀವನಾಂಶಕ್ಕೆ ಕಾಯ್ದೆ ಹಾಕಿದ ಮೇಲ್ಮಿತಿ ತಿಂಗಳಿಗೆ 10,000 ರೂಪಾಯಿ. ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಬರೆದುಕೊಟ್ಟು, ಬರೆಸಿಕೊಂಡವರು ಮಾತು ತಪ್ಪಿದರೆ ಆ ಹಸ್ತಾಂತರವನ್ನು ರದ್ದುಗೊಳಿಸುವ ಅವಕಾಶ 23ನೆಯ ಕಲಮಿನಲ್ಲಿದೆ, ತೊರೆದುಹೋದವರಿಗೆ 3 ತಿಂಗಳವರೆಗಿನ ಸೆರೆವಾಸ ಅಥವಾ 5,000 ರೂಪಾಯಿವರೆಗಿನ ದಂಡ 24ನೆಯ ಕಲಮಿನಲ್ಲಿದೆ. ಆದರೂ 2025ರಲ್ಲಿ ಬೆಳಗಾವಿಯ ವೈದ್ಯಕೀಯ ವಿಜ್ಞಾನ ಸಂಸ್ಥೆಯೊಂದರಲ್ಲಿಯೇ 150ಕ್ಕೂ ಹೆಚ್ಚು ವೃದ್ಧರನ್ನು ಮಕ್ಕಳು ಚಿಕಿತ್ಸೆಯ ನೆಪದಲ್ಲಿ ದಾಖಲಿಸಿ ಬಿಟ್ಟುಹೋದ ಸಂಗತಿ ಬೆಳಕಿಗೆ ಬಂದು, ಅಂತಹ ಮಕ್ಕಳಿಗೆ ಮಾಡಿಕೊಟ್ಟ ಆಸ್ತಿಪತ್ರಗಳನ್ನು ರದ್ದುಪಡಿಸಲು ಕ್ರಮ ಕೈಗೊಳ್ಳುವಂತೆ ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಸೂಚಿಸಬೇಕಾಯಿತು. ಆಸ್ಪತ್ರೆಯ ಹಾಸಿಗೆಯನ್ನು ಮುಟ್ಟುವವರೆಗೆ ಆ ಜೀವಗಳ ಸ್ಥಿತಿ ಯಾವ ಕಚೇರಿಗೂ ಗೊತ್ತಾದಂತಿಲ್ಲ ಎಂಬುದು ಈ ಪ್ರಕರಣದಲ್ಲಿ ಎಲ್ಲಕ್ಕಿಂತ ನೋವಿನ ಅಂಶ.

ಇಂತಹ ಸಂದರ್ಭದಲ್ಲಿ ಪಿತೃಋಣದ ಮಾತು ತಪ್ಪದೆ ಬರುತ್ತದೆ. ಮನುಷ್ಯ ದೇವತೆಗಳಿಗೆ, ಋಷಿಗಳಿಗೆ ಮತ್ತು ಪಿತೃಗಳಿಗೆ ಸಾಲಗಾರನಾಗಿಯೇ ಹುಟ್ಟುತ್ತಾನೆ ಎಂಬ ವೈದಿಕ ಕಲ್ಪನೆಯೇ ಋಣತ್ರಯ. ಆದರೆ ತೈತ್ತಿರೀಯ ಸಂಹಿತೆಯಲ್ಲಿ ಈ ಕಲ್ಪನೆ ಕಾಣಿಸಿಕೊಳ್ಳುವಲ್ಲಿ ಪಿತೃಋಣ ತೀರುವುದು ಸಂತಾನವನ್ನು ಪಡೆಯುವುದರಿಂದ. ಬದುಕಿರುವ ತಾಯಿಯ ಹುಣ್ಣು ತೊಳೆಯುವ ಪ್ರಸ್ತಾಪ ಅಲ್ಲಿಲ್ಲ. ಮುದಿ ತಂದೆತಾಯಿಯರ ಶುಶ್ರೂಷೆಯನ್ನು ಆ ಋಣದ ಲೆಕ್ಕಕ್ಕೆ ಸೇರಿಸಿದ್ದು ನಂತರದ ಪುರಾಣ ಮತ್ತು ಲೋಕರೂಢಿ, ಮತ್ತು ಆ ವಿಸ್ತರಣೆ ಉದಾತ್ತವಾದದ್ದೇ. ಆದರೂ ಋಣದ ಭಾಷೆಗೆ ಒಂದು ಮಿತಿಯಿದೆ: ಸಾಲವೆಂದ ಮೇಲೆ ಸಾಲಗಾರ ಬೇಕು, ಮಕ್ಕಳಿಲ್ಲದ ಮುದುಕಿಗೆ ಯಾರೂ ಸಾಲಗಾರರಿಲ್ಲ. 2007ರ ಕಾಯ್ದೆಯೂ ಬಹುಮಟ್ಟಿಗೆ ಈ ತರ್ಕದಲ್ಲಿಯೇ ನಡೆಯುತ್ತದೆ. ಮಕ್ಕಳಿಲ್ಲದವರ ವಿಷಯದಲ್ಲಿ ಅವರ ಆಸ್ತಿಯನ್ನು ಅನುಭವಿಸುತ್ತಿರುವ ಅಥವಾ ಮುಂದೆ ಪಡೆಯಲಿರುವ ವಾರಸುದಾರನನ್ನು ಹೊಣೆಗಾರನನ್ನಾಗಿ ಮಾಡುತ್ತದೆ. ಮಕ್ಕಳೂ ಇಲ್ಲದ, ಆಸ್ತಿಯೂ ಇಲ್ಲದ ವ್ಯಕ್ತಿ ಈ ತರ್ಕದ ಹೊರಗೆ ನಿಲ್ಲುತ್ತಾಳೆ.

ಕೌಟಿಲ್ಯನ ಅರ್ಥಶಾಸ್ತ್ರ ಈ ಅಂತರವನ್ನು ಗುರುತಿಸಿತ್ತು ಎಂಬುದು ಗಮನಾರ್ಹ. ಜನಪದವನ್ನು ನೆಲೆಗೊಳಿಸುವ ಬಗ್ಗೆ ಹೇಳುವ ಅಧ್ಯಾಯದಲ್ಲಿ ಅದು, ಶಕ್ತಿಯಿದ್ದೂ ತಂದೆತಾಯಿ, ಹೆಂಡತಿ ಮಕ್ಕಳು, ಎಳೆಯ ತಮ್ಮಂದಿರು ಮತ್ತು ಗತಿಯಿಲ್ಲದ ಸಹೋದರಿಯರನ್ನು ಪೋಷಿಸದವನಿಗೆ 12 ಪಣ ದಂಡ ವಿಧಿಸುತ್ತದೆ. ಪತಿತರಾದವರನ್ನು ಪೋಷಿಸುವ ಹೊಣೆಯಿಂದ ವಿನಾಯಿತಿ ಕೊಟ್ಟರೂ ತಾಯಿಯ ವಿಷಯದಲ್ಲಿ ಆ ವಿನಾಯಿತಿಯನ್ನೂ ಹಿಂತೆಗೆದುಕೊಳ್ಳುತ್ತದೆ. ಅದೇ ಅಧ್ಯಾಯ ಮಕ್ಕಳು, ಮುದುಕರು, ಸಂಕಟದಲ್ಲಿರುವವರು ಮತ್ತು ಅನಾಥರ ಪೋಷಣೆಯನ್ನು ನೇರವಾಗಿ ರಾಜನ ಮೇಲೆ ಹೊರಿಸುತ್ತದೆ. ಹೊಣೆ ತಪ್ಪಿಸಿಕೊಂಡವರನ್ನು ದಂಡಿಸುವುದು ಮತ್ತು ಹೊಣೆ ಹೊರುವವರೇ ಇಲ್ಲದವರನ್ನು ಸಲಹುವುದು, ಈ ಎರಡೂ ರಾಜ್ಯದ ಕೆಲಸಗಳು ಎಂಬ ತಿಳಿವಳಿಕೆ ಎರಡು ಸಾವಿರ ವರ್ಷಗಳಷ್ಟು ಹಿಂದಿನದು.

ಆದರೆ ದಂಡ ಮೇಲ್ವಿಚಾರಣೆಯ ಅತಿ ಸ್ಥೂಲವಾದ ರೂಪ. ಆರೈಕೆ ನಡೆಯುತ್ತಿರುವಾಗಲೇ ಅದರ ಗುಣವನ್ನು ನೋಡುವುದು ಬೇರೆಯೇ ಬಗೆಯ ವಿದ್ಯೆ, ಮತ್ತು ಅದನ್ನು ಸೂಕ್ಷ್ಮವಾಗಿ ಬೆಳೆಸಿದವರು ಜೈನ ಮತ್ತು ಬೌದ್ಧ ಶ್ರಮಣ ಪರಂಪರೆಯವರು. ಬೆಳಗಾವಿ ಜಿಲ್ಲೆಯ ರೈತಾಪಿ ಜೈನ ಕುಟುಂಬಗಳಿಗೆ ವೈಯಾವೃತ್ಯ ಎಂಬುದು ಪರಿಚಿತವಾದ ಪದ. ರೋಗಿಗಳು, ತಪಸ್ವಿಗಳು ಮತ್ತು ಗುರುಹಿರಿಯರ ಶುಶ್ರೂಷೆ ಎಂದು ಅದರ ಅರ್ಥ. ತತ್ತ್ವಾರ್ಥಸೂತ್ರ ಇದನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದೆಂದು ಎಣಿಸಿ ಸ್ವಾಧ್ಯಾಯ ಮತ್ತು ಧ್ಯಾನಗಳ ಸಾಲಿನಲ್ಲಿ ಇಡುತ್ತದೆ. ಪ್ರಾಕೃತದ ಭಗವತೀ ಆರಾಧನೆ, ಕನ್ನಡದ ವಡ್ಡಾರಾಧನೆಯ ಕಥೆಗಳಿಗೆ ಮೂಲಸಂಬಂಧವಿರುವ ಗ್ರಂಥ, ಇನ್ನೂ ಮುಂದೆ ಹೋಗುತ್ತದೆ. ಹಂತಹಂತವಾಗಿ ಆಹಾರ ತೊರೆಯುವ ಸಲ್ಲೇಖನ ವ್ರತವನ್ನು ಕೈಗೊಂಡು ದೇಹ ಬಿಡುತ್ತಿರುವ ಕ್ಷಪಕನಿಗೆ, ಅಂದರೆ ಆ ವ್ರತದಲ್ಲಿರುವ ಸಾಧಕನಿಗೆ, 48 ಮಂದಿ ನಿರ್ಯಾಪಕರು ಇರಬೇಕೆಂದು ಅದು ಹೇಳುತ್ತದೆ. ನಿರ್ಯಾಪಕ ಎಂದರೆ ಕೊನೆಯ ದಾರಿಯಲ್ಲಿ ಕೈಹಿಡಿದು ದಾಟಿಸುವವನು. ಮೈಯನ್ನು ಹೊರಳಿಸಿ ಎತ್ತುವವರು, ಆಹಾರವನ್ನು ನೋಡಿಕೊಳ್ಳುವವರು, ಧರ್ಮದ ಮಾತು ಹೇಳುವವರು, ಬಾಗಿಲು ಕಾಯುವವರು ಎಂದು ಕೆಲಸ ಹಂಚಿಕೆಯಾಗುತ್ತದೆ, ಮತ್ತು ಇವರೆಲ್ಲರ ಮೇಲೆ ನಿರ್ಯಾಪಕಾಚಾರ್ಯನಿರುತ್ತಾನೆ. ಕಾಲ ಮತ್ತು ದೇಶಗಳಿಗೆ ತಕ್ಕಂತೆ ಈ ಸಂಖ್ಯೆಯನ್ನು ಇಳಿಸಬಹುದು, ಆದರೆ ಎರಡಕ್ಕಿಂತ ಕೆಳಗೆ ಇಳಿಸುವಂತಿಲ್ಲ. ಒಬ್ಬನೇ ಇದ್ದರೆ ಅವನು ತನ್ನನ್ನಾದರೂ ಕಡೆಗಣಿಸಬೇಕಾಗುತ್ತದೆ, ಕ್ಷಪಕನನ್ನಾದರೂ ಕಡೆಗಣಿಸಬೇಕಾಗುತ್ತದೆ ಎಂಬುದು ಅದಕ್ಕೆ ಕೊಡುವ ಕಾರಣ. ಹಾಸಿಗೆ ಹಿಡಿದ ಅತ್ತೆಯನ್ನು ಒಬ್ಬಳೇ ನೋಡಿಕೊಳ್ಳುವ ಸೊಸೆಯ ಪಾಡನ್ನು ಇದಕ್ಕಿಂತ ನಿಖರವಾಗಿ ಹೇಳಿದ ಶಾಸ್ತ್ರವಾಕ್ಯ ಸಿಗುವುದು ಕಷ್ಟ.

ಬೌದ್ಧ ವಿನಯಪಿಟಕವೂ ಇದೇ ದಾರಿಯಲ್ಲಿದೆ. ಮಲಮೂತ್ರದಲ್ಲಿ ಬಿದ್ದಿದ್ದ ಭಿಕ್ಷುವನ್ನು ಬುದ್ಧ ಆನಂದನೊಡನೆ ಸೇರಿ ತೊಳೆದು ಮಲಗಿಸಿದ ಪ್ರಸಂಗ ಪ್ರಸಿದ್ಧವಾದದ್ದು. ಅಷ್ಟು ಪ್ರಸಿದ್ಧವಲ್ಲದ ಸಂಗತಿ ಎಂದರೆ ಆ ಪ್ರಸಂಗ ಕರುಣೆಯ ಉಪದೇಶದಲ್ಲಿ ಮುಗಿಯದೆ ನಿಯಮದಲ್ಲಿ ಮುಗಿಯುತ್ತದೆ. ಗುರುವಾಗಲಿ ಶಿಷ್ಯನಾಗಲಿ ಇಲ್ಲದ ರೋಗಿಯನ್ನು ಸಂಘವೇ ನೋಡಿಕೊಳ್ಳಬೇಕು, ನೋಡಿಕೊಳ್ಳದಿದ್ದರೆ ಅದು ದೋಷ ಎಂದು ಅಲ್ಲಿ ವಿಧಿಸಲಾಗಿದೆ; ಶುಶ್ರೂಷಕನ ಅರ್ಹತೆಗಳನ್ನು ಹೇಳುವಾಗ ಔಷಧ ಸಿದ್ಧಪಡಿಸುವ ಅರಿವು ಮತ್ತು ಹೇಸದಿರುವ ಗುಣಗಳ ಜೊತೆಗೆ, ಲಾಭದ ಆಸೆಯಿಂದ ಸೇವೆಗೆ ಬಂದವನು ತಕ್ಕವನಲ್ಲ ಎಂಬುದೂ ಸೇರಿದೆ. ಅಂತಃಕರಣ ಮತ್ತು ನಿಯಮ ಒಂದನ್ನೊಂದು ಹೊರದೂಡುತ್ತವೆ ಎಂದು ಈ ಪರಂಪರೆಗಳು ಎಲ್ಲಿಯೂ ಭಾವಿಸಿಲ್ಲ. ಪ್ರೀತಿಯಿಂದ ಮಾಡುವವನೂ ದಣಿಯುತ್ತಾನೆ, ದಣಿದವನು ಕಡೆಗಣಿಸುತ್ತಾನೆ, ಆದ್ದರಿಂದ ನೋಡುವ ಇನ್ನೊಬ್ಬರು ಬೇಕು ಎಂಬುದು ಅವುಗಳ ನಿಲುವು, ಮತ್ತು ಇದರಲ್ಲಿ ಸೇವೆ ಮಾಡುವವನ ಬಗ್ಗೆ ಅನುಮಾನಕ್ಕಿಂತ ಮರುಕವೇ ಹೆಚ್ಚಿದೆ.

ದಾಸೋಹದ ತತ್ತ್ವ ಇದಕ್ಕೆ ಇನ್ನೊಂದು ಮುಖ್ಯವಾದ ಅಂಶವನ್ನು ಸೇರಿಸುತ್ತದೆ. ಕಾಯಕದಿಂದ ಗಳಿಸಿದ್ದನ್ನು ತಾನು ದಾಸನೆಂಬ ಭಾವದಿಂದ ಅರ್ಪಿಸುವುದೇ ದಾಸೋಹ. ದಾನದಲ್ಲಿ ಕೊಡುವವನ ಕೈ ಮೇಲಿದ್ದರೆ ದಾಸೋಹದಲ್ಲಿ ಪಡೆಯುವವನೇ ದೊಡ್ಡವನು. ಋಣದ ಭಾಷೆಯಲ್ಲಿ ಕಾಣದ ಮಕ್ಕಳಿಲ್ಲದ ಮುದುಕಿ ಇಲ್ಲಿ ಕಾಣುತ್ತಾಳೆ, ಏಕೆಂದರೆ ದಾಸೋಹಕ್ಕೆ ಹಿಂದಿನ ಸಾಲವೂ ಬೇಕಿಲ್ಲ, ರಕ್ತಸಂಬಂಧವೂ ಬೇಕಿಲ್ಲ. ಸರ್ಕಾರದ ಮೇಲ್ವಿಚಾರಣೆಗೆ ತಕ್ಕ ತಳಹದಿ ಸಿಗುವುದಿದ್ದರೆ ಅದು ಇಲ್ಲಿಯೇ: ಪರಿಶೀಲನೆ ಪಡೆಯುವವರ ಮಾತಿನಿಂದ ಆರಂಭವಾಗಬೇಕು, ಕೊಡುವವರ ಕಡತದಿಂದಲ್ಲ.

ಈಗಿರುವ ವ್ಯವಸ್ಥೆ ಬಹುತೇಕ ಕಡತದಿಂದಲೇ ಆರಂಭವಾಗುತ್ತದೆ. 65 ದಾಟಿದವರಿಗೆ 2007ರಿಂದ ಜಾರಿಯಲ್ಲಿರುವ ಸಂಧ್ಯಾ ಸುರಕ್ಷಾ ಯೋಜನೆಯ ಹಣ, ಈ ಸೀಮೆಯ ಹಿರಿಯರು ಪಗಾರ ಎಂದೇ ಕರೆಯುವ ತಿಂಗಳ 1,200 ರೂಪಾಯಿ, ಖಾತೆಗೆ ಜಮೆಯಾಗುತ್ತದೆ. ಫಲಾನುಭವಿ ಬದುಕಿದ್ದಾರೆಯೇ ಎಂಬುದನ್ನು ಕಂದಾಯ ಇಲಾಖೆ ಆಗಾಗ ಪರಿಶೀಲಿಸುತ್ತದೆ, ಹೇಗೆ ಬದುಕಿದ್ದಾರೆ ಎಂಬ ಅಂಕಣ ಆ ಪರಿಶೀಲನೆಯಲ್ಲಿಲ್ಲ. ಮನೆಯನ್ನೇ ತಲುಪುವ ಏರ್ಪಾಡುಗಳೂ ಇಲ್ಲದಿಲ್ಲ: ಹಾಸಿಗೆ ಹಿಡಿದವರ ಮನೆಗೇ ಆರೋಗ್ಯ ಸಿಬ್ಬಂದಿ ಹೋಗಬೇಕೆಂದು 2010-11ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ಕಾರ್ಯಕ್ರಮ ಹೇಳುತ್ತದೆ, 2024ರಲ್ಲಿ ಕೋಲಾರದಿಂದ ಆರಂಭವಾದ ಗೃಹ ಆರೋಗ್ಯ ಯೋಜನೆ ರಕ್ತದೊತ್ತಡ ಮತ್ತು ಮಧುಮೇಹದ ತಪಾಸಣೆಯನ್ನು ಮನೆಬಾಗಿಲಿಗೆ ತಂದಿದೆ. ಇನ್ನು ಹಣ ಪಡೆದು ಮನೆಗೆ ಆರೈಕೆದಾರರನ್ನು ಕಳಿಸುವ ಸಂಸ್ಥೆಗಳು ನಗರಗಳಲ್ಲಿ ಹೆಚ್ಚುತ್ತಿದ್ದರೂ ಅವುಗಳಿಗೆಂದೇ ಮೀಸಲಾದ ಕಾನೂನು ಬರಲಿಲ್ಲ. ಅಂತಹ ಸಂಸ್ಥೆಗಳ ನೋಂದಣಿ ಮತ್ತು ಕನಿಷ್ಠ ಗುಣಮಟ್ಟವನ್ನು ಕಡ್ಡಾಯಗೊಳಿಸುವ ತಿದ್ದುಪಡಿ ಮಸೂದೆ 2019ರ ಡಿಸೆಂಬರ್‌ನಲ್ಲಿ ಲೋಕಸಭೆಯಲ್ಲಿ ಮಂಡನೆಯಾಗಿ, ಸ್ಥಾಯಿ ಸಮಿತಿಯನ್ನು ದಾಟಿ ಬಂದು, 2024ರಲ್ಲಿ ಆ ಲೋಕಸಭೆಯ ಅವಧಿಯೊಂದಿಗೇ ಬಿದ್ದುಹೋಯಿತು. ಇದು ಸಣ್ಣ ಲೋಪವಲ್ಲ.

ಆದರೆ ಮೂಡಲಗಿಯ ಹಳ್ಳಿಗಳಲ್ಲಿ ಆರೈಕೆ ಮಾಡುವುದು ಸಂಸ್ಥೆಯಲ್ಲ, ಸೊಸೆ. 2007ರ ಕಾಯ್ದೆಯಲ್ಲಿ ಮಕ್ಕಳು ಎಂದರೆ ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಕೈಯಾರೆ ಸೇವೆ ಮಾಡುವ ಹೆಣ್ಣಿಗೆ ಆ ಪಟ್ಟಿಯಲ್ಲಿ ಸ್ಥಾನವಿಲ್ಲ, ಮತ್ತು 2019ರ ಮಸೂದೆ ಅವಳನ್ನು ಸೇರಿಸಲು ಹೊರಟದ್ದು ಹೊಣೆಗಾರಳಾಗಿ ಮಾತ್ರ. ಹಿರಿಯರ ಹಕ್ಕು ಸೊಸೆಯ ಹಕ್ಕನ್ನು ತುಳಿಯುವ ಅಪಾಯವೂ ಕಾಲ್ಪನಿಕವಲ್ಲ. ಬೆಂಗಳೂರಿನಿಂದ ಹೋದ ಒಂದು ಪ್ರಕರಣದಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಕೌಟುಂಬಿಕ ಹಿಂಸೆ ತಡೆ ಕಾಯ್ದೆ ಮಹಿಳೆಗೆ ಕೊಟ್ಟ ವಾಸದ ಹಕ್ಕನ್ನು ಹಿರಿಯ ನಾಗರಿಕರ ಕಾಯ್ದೆಯನ್ನು ಮುಂದಿಟ್ಟು ಸುಮ್ಮನೆ ಇಲ್ಲವಾಗಿಸುವಂತಿಲ್ಲ ಎಂದು ಸ್ಪಷ್ಟಪಡಿಸಿತು. ಒಬ್ಬನೇ ನಿರ್ಯಾಪಕ ಸಾಲದು ಎಂಬ ಪ್ರಾಚೀನ ನಿಯಮ ಇಲ್ಲಿ ಮತ್ತೆ ಪ್ರಸ್ತುತವಾಗುತ್ತದೆ: ಸೊಸೆಗೆ ವಾರದಲ್ಲಿ ಕೆಲವು ಗಂಟೆಗಳ ಬಿಡುವು, ಹುಣ್ಣಾಗದಂತೆ ಮಗ್ಗುಲು ಬದಲಿಸುವ ತರಬೇತಿ, ಎರಡನೆಯ ಕೈ, ಇವನ್ನು ಕೊಡದ ಸರ್ಕಾರಕ್ಕೆ ಅವಳ ತಪ್ಪು ಎಣಿಸುವ ನೈತಿಕ ಅಧಿಕಾರವಿಲ್ಲ.

ಶ್ರಮಣ ಪರಂಪರೆಗಳು ಬೇಕೆಂದ, ಆರೈಕೆಯನ್ನು ನೋಡುವ ಆ ಇನ್ನೊಬ್ಬರು ಯಾರಾಗಬೇಕು ಎಂಬ ಪ್ರಶ್ನೆ ಉಳಿಯುತ್ತದೆ. ಕೇರಳ 2008ರಲ್ಲಿ ಉಪಶಮನ ಆರೈಕೆಯ ನೀತಿಯನ್ನು ತಂದು, ವಾಸಿಯಾಗದ ನೋವಿನಲ್ಲಿರುವವರ ಮನೆಗೆ ದಾದಿಯನ್ನು ಕಳಿಸುವ ಹೊಣೆಯನ್ನು ಪಂಚಾಯಿತಿಗಳಿಗೆ ಒಪ್ಪಿಸಿತು. ಕರ್ನಾಟಕದಲ್ಲಿಯೂ ಉದ್ಯೋಗ ಖಾತರಿ ಕಾಮಗಾರಿಗಳಿಗೆ ಗ್ರಾಮಸಭೆಯ ಮುಂದೆ ಸಾಮಾಜಿಕ ಪರಿಶೋಧನೆ ನಡೆಯುವುದರಿಂದ, ಆರೈಕೆಗೂ ಅದನ್ನೇ ವಿಸ್ತರಿಸಬಹುದೆಂದು ಮೇಲುನೋಟಕ್ಕೆ ಅನ್ನಿಸುತ್ತದೆ. ಆದರೆ ಕೆರೆಯ ಹೂಳೆತ್ತಿದ ಲೆಕ್ಕವನ್ನು ಊರ ಮುಂದೆ ಓದಿದಂತೆ ಮುದಿ ತಾಯಿಯ ಮೈಯ ಸ್ಥಿತಿಯನ್ನು ಓದುವಂತಿಲ್ಲ. ಮಗನ ಮಾನ ಹೋದೀತೆಂದು ಹಸಿವನ್ನೇ ಮುಚ್ಚಿಡುವ ತಾಯಂದಿರ ನಾಡು ಇದು. ಆ ಮೌನವನ್ನು ಮುರಿಯುವಂತೆ ಒತ್ತಾಯಿಸುವುದೂ ಒಂದು ಹಿಂಸೆ. ಆದ್ದರಿಂದ ಹಣದ ಲೆಕ್ಕ ಗ್ರಾಮಸಭೆಗೆ, ಮೈಯ ಸ್ಥಿತಿ ಪರಿಚಯದ ಒಬ್ಬ ಆರೋಗ್ಯ ಕಾರ್ಯಕರ್ತೆಗೆ ಎಂಬ ವಿಂಗಡಣೆ ಅನಿವಾರ್ಯ, ಮತ್ತು ಆ ಕಾರ್ಯಕರ್ತೆ ಹಿರಿಯರೊಡನೆ ಮನೆಯವರಿಲ್ಲದೆ ಮಾತನಾಡುವ ಅವಕಾಶ ಅದಕ್ಕಿಂತಲೂ ಅನಿವಾರ್ಯ.

ಸಮುದಾಯವೇ ಇಂತಹ ಕಾವಲನ್ನು ಕಟ್ಟಿಕೊಳ್ಳಬಲ್ಲದು ಎಂಬುದಕ್ಕೆ ಈ ಘಟಪ್ರಭೆಯ ಸೀಮೆಯಲ್ಲಿಯೇ ನಿದರ್ಶನವಿದೆ. 1997ರಲ್ಲಿ ಮೈರಾಡ ಸಂಸ್ಥೆಯ ನೆರವಿನಿಂದ ರೂಪುಗೊಂಡ ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ ಮಾಜಿ ದೇವದಾಸಿಯರೇ ನಡೆಸುವ ಸಂಘಟನೆ. ಧರ್ಮದ ಹೆಸರಿನಲ್ಲಿಯೇ ಕುಟುಂಬದ ಹಕ್ಕುಗಳನ್ನು ಕಳೆದುಕೊಂಡು ಮುಪ್ಪಿಗೆ ತಲುಪಿದ ಈ ಹೆಂಗಸರಿಗೆ ಋಣದ ತರ್ಕ ಕೊಟ್ಟದ್ದು ಅತ್ಯಲ್ಪ. ಅವರು ಒಬ್ಬರಿಗೊಬ್ಬರು ಸಾಕ್ಷಿಯಾಗಿ ನಿಂತು ಪಿಂಚಣಿ ಮತ್ತು ಪುನರ್ವಸತಿಯ ಹಕ್ಕುಗಳನ್ನು ಸರ್ಕಾರದ ಮುಂದೆ ಕೇಳಿ ಪಡೆಯುವುದನ್ನು ಕಲಿತರು.

ಇಂತಹ ಸಾಕ್ಷಿಗೆ ದಾರಿ ಕೊಡುವ, ಆದರೆ ಅಷ್ಟಾಗಿ ಚರ್ಚೆಯಾಗದ ಒಂದು ಅಧಿಕಾರ 2007ರ ಕಾಯ್ದೆಯ 5ನೆಯ ಕಲಮಿನಲ್ಲಿದೆ: ಯಾರೂ ಅರ್ಜಿ ಕೊಡದಿದ್ದರೂ ನ್ಯಾಯಮಂಡಳಿ ತಾನಾಗಿಯೇ ಪ್ರಕರಣವನ್ನು ಕೈಗೆತ್ತಿಕೊಳ್ಳಬಹುದು, ಹಿರಿಯರು ಅಶಕ್ತರಾಗಿದ್ದರೆ ಅವರು ಒಪ್ಪಿಗೆ ಕೊಟ್ಟ ವ್ಯಕ್ತಿ ಅಥವಾ ಸಂಸ್ಥೆ ಅವರ ಪರವಾಗಿ ಅರ್ಜಿ ಹಾಕಬಹುದು. ನ್ಯಾಯಮಂಡಳಿ ಕೂರುವ ಉಪವಿಭಾಗಾಧಿಕಾರಿಯ ಕಚೇರಿ ಮೂಡಲಗಿಯಲ್ಲಿಲ್ಲ, ನಡುಗುವ ಕಾಲುಗಳು ಅಲ್ಲಿಯವರೆಗೆ ಹೋಗಲಾರವು. ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆ, ಓಣಿಗೆ ಬರುವ ಅಂಚೆಯಣ್ಣ, ದಾಸೋಹದ ಪಂಕ್ತಿಯಲ್ಲಿ ಯಾರು ಬರುವುದನ್ನು ನಿಲ್ಲಿಸಿದರು ಎಂದು ಬಲ್ಲ ಮಠದ ಸೇವಕ, ಇವರು ಕಂಡದ್ದು ಆ ಹಿರಿಯರ ಒಪ್ಪಿಗೆಯೊಂದಿಗೆ ಆ ಕಚೇರಿಯನ್ನು ತಲುಪುವ ದಾರಿಯೊಂದನ್ನು ರೂಪಿಸುವುದಕ್ಕೆ ಹೊಸ ಕಾಯ್ದೆಯನ್ನು ಕಾಯಬೇಕಾಗಿಲ್ಲ. ಜಿಲ್ಲಾಡಳಿತದ ಒಂದು ಸುತ್ತೋಲೆ ಮತ್ತು ಮಠಗಳ ಸಮ್ಮತಿ ಸಾಕು.